ಪುಸ್ತಕದಲ್ಲಿಲ್ಲದ ಹೆಸರು

ಪೂಜ್ಯ ನಿರ್ವಾಣಯ್ಯ ಶಿವಯೋಗಿಗಳು ಬೆಣ್ಣಿಹಳ್ಳದ ದಂಡೆಯ ಕರಡಿಕೊಪ್ಪದಲ್ಲಿ ನೆಲೆಸಿದ್ದ ದಿನಗಳವು. ಮಠವೆಂದರೆ ಮಣ್ಣಿನ ಗೋಡೆಯ ಎರಡಂಕಣ, ಹಾಸಲು ಒಂದು ಕಂಬಳಿ, ಒಂದು ತಂಬಿಗೆ ನೀರು. ಕಷ್ಟ ಹೇಳಿಕೊಂಡು ಬಂದವರಿಗೆ ಅವರು ತಾಯಿತ ಕಟ್ಟುತ್ತಿರಲಿಲ್ಲ. ಹೇಳಿದ್ದನ್ನು ಪೂರ್ತಿ ಕೇಳುತ್ತಿದ್ದರು, ಅಷ್ಟೆ.

ಒಂದು ಮುಂಜಾನೆ ಅಂದಾನಪ್ಪ ಬಂದ. ಊರಿನ ಹತ್ತಿ ಅಂಗಡಿಯಲ್ಲಿ ಗುಮಾಸ್ತ. ತಿಂಗಳಿಗೆ ತೊಂಬತ್ತು ರೂಪಾಯಿ ಪಗಾರ. ಸ್ವಾಮಿಗಳ ಮೇಲೆ ಅವನಿಗೆ ಅಂಥ ಭಕ್ತಿಯೇನೂ ಇರಲಿಲ್ಲ. ಹೆಂಡತಿ ಹಂಪವ್ವನಿಗೆ ಇತ್ತು. ಅವರು ಹೇಳಿದರೆ ಕೇಳಿಯಾಳೆಂದು ಬಂದಿದ್ದ.

"ಅಜ್ಜಾರ, ಪಗಾರ ಆದ ದಿನಾನ ತಿಂಗಳಿಗೆ ಆಗೂವಷ್ಟು ಜ್ವಾಳ ಅಳದು ತಂದು ಹಾಕತೀನಿ. ಇಪ್ಪತ್ತನೇ ತಾರೀಖ ಬಂತಂದ್ರ ಸಾಕಾಗಂಗಿಲ್ಲ ಅಂತಾಳ. ತವರಮನಿಗೆ ಸಾಗಸ್ತಾಳೋ ಏನೋ! ಈ ತಿಂಗಳ ಇನ್ನೊಂದು ಕಾಳೂ ತರಂಗಿಲ್ಲ ಅಂದೀನಿ. ನೀವಾರ ಬುದ್ಧಿ ಹೇಳ್ರಿ."

ಹೀಗೆಂದು ಕಂಕುಳಲ್ಲಿದ್ದ ಖರ್ಚಿನ ಪುಸ್ತಕ ಬಿಚ್ಚಿ ತೋರಿಸಿದ. ಮುತ್ತಿನಂಥ ಅಕ್ಷರ. ಯಾರಿಗೆ ದಿನಕ್ಕೆ ಎಷ್ಟು ರೊಟ್ಟಿ, ಅದಕ್ಕೆಷ್ಟು ಜೋಳ, ಎಲ್ಲ ಬರೆದಿತ್ತು. ಶಿವಯೋಗಿಗಳು ಆ ಪುಟವನ್ನು ಬಹಳ ಹೊತ್ತು ನೋಡಿದರು.

"ನಾಳೆ ನಿಮ್ಮ ಮನಿಗೆ ಪ್ರಸಾದಕ್ಕ ಬರ್ತೀವಪ್ಪ. ದಿನಾ ಮಾಡೂ ಅಡಗೀನ ಮಾಡಸು," ಎಂದರು.

ಮರುದಿನ ಮಧ್ಯಾಹ್ನ ಶಿವಯೋಗಿಗಳು ದಯಮಾಡಿಸಿದರು. ಸಾಲಿನಲ್ಲಿ ಅಂದಾನಪ್ಪ, ಅವನ ಮುದಿತಾಯಿ, ಮೂವರು ಮಕ್ಕಳು ಕುಳಿತರು. ಹಂಪವ್ವ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಶಿವಯೋಗಿಗಳು ಮಾತ್ರ ತಾಟಿಗೆ ಕೈ ಹಚ್ಚಲಿಲ್ಲ.

"ತಾಯಿ, ನೀವೂ ಕುಂದರ್ರಿ."

"ನಂದು ಆಮ್ಯಾಲ ಆಗ್ತೈತ್ರಿ ಅಜ್ಜಾರ."

"ಆಮ್ಯಾಲ ಏನು ಉಣ್ತೀರಿ?"

ಹಂಪವ್ವ ತಲೆ ತಗ್ಗಿಸಿದಳು. ಅಂದಾನಪ್ಪನಿಗೆ ಮುಜುಗರವಾಯಿತು. "ಒಳಗ ಬೇಕಾದಷ್ಟೈತ್ರಿ, ನಾ ತರ್ತೀನಿ," ಎಂದು ಎದ್ದು ಅಡುಗೆಮನೆಗೆ ಹೋದ. ರೊಟ್ಟಿಬುಟ್ಟಿಯಲ್ಲಿ ಬರಿಯ ಅರಿವೆ ಇತ್ತು. ಒಲೆಯ ಬದಿಗೆ ಮುಚ್ಚಿಟ್ಟ ಗಡಿಗೆಯಲ್ಲಿ, ತಳ ಕಾಣುವಷ್ಟು ತೆಳ್ಳಗಿನ ಅಂಬಲಿ. ಅವನು ಗಡಿಗೆ ಹಿಡಿದುಕೊಂಡೇ ಹೊರಗೆ ಬಂದ.

"ಎಂಟು ದಿನ ಆತೋ, ಅದನ್ನ ಕುಡದು ಏಳ್ತಾಳ," ಎಂದಳು ಮುದಿತಾಯಿ. "ನಿನಗ ಹೇಳಬ್ಯಾಡ ಅಂತ ಆಣಿ ಹಾಕಿದ್ಲು."

ಶಿವಯೋಗಿಗಳು ಮೆಲ್ಲಗೆ ಕೇಳಿದರು: "ಅಂದಾನಪ್ಪ, ನಿನ್ನ ಪುಸ್ತಕದಾಗ ಉಣ್ಣೂವರು ಎಷ್ಟು ಮಂದಿ?"

ಅವನು ಮನಸ್ಸಿನಲ್ಲೇ ಎಣಿಸಿದ. ಅವ್ವ, ತಾನು, ಮೂರು ಮಕ್ಕಳು. ಐದು. ಮತ್ತೊಮ್ಮೆ ಎಣಿಸಿದ. ಮನೆಯಲ್ಲಿದ್ದವರು ಆರು. ಇಷ್ಟು ವರ್ಷ ಜೋಳ ಅಳೆದು ತಂದದ್ದು ಐದು ಮಂದಿಗೆ.

"ಆಕಿ ಕಳವು ಮಾಡಿಲ್ಲಪ್ಪ. ನೀ ಆಕೀನ್ನ ಬರದಿಲ್ಲ."

ಅಂದಾನಪ್ಪ ಪಾದಕ್ಕೆ ಬಾಗಿದ. ಶಿವಯೋಗಿಗಳು ಕಾಲು ಹಿಂದೆ ಎಳೆದುಕೊಂಡು, "ಇಲ್ಲಲ್ಲಪ್ಪ," ಎಂದಷ್ಟೇ ಹೇಳಿ ಹಂಪವ್ವನ ಕಡೆ ನೋಡಿದರು. ತಮ್ಮ ತಾಟಿನ ರೊಟ್ಟಿ ಮುರಿದು ಅರ್ಧ ಹಂಪವ್ವನ ಕೈಗೆ ಕೊಟ್ಟರು. ಆಕೆ ಮೊದಲ ತುತ್ತು ನುಂಗುವವರೆಗೂ ಆ ಮಹಾತ್ಮರು ತಾವು ಉಣ್ಣಲಿಲ್ಲ.

ಹುಟ್ಟಿ ಬುದ್ಧಿ ಬಂದಾಗಿನಿಂದ ಯಾರಿಗೂ ಬಡಿಸದ ಅಂದಾನಪ್ಪ ಪಲ್ಯದ ಬೋಗುಣಿ ಎತ್ತಿಕೊಂಡು ಹೆಂಡತಿಯ ಮುಂದೆ ಕುಳಿತ. "ಹಾಕಿಸ್ಕೋ," ಎಂದ.

ಮುಂದಿನ ಪಗಾರದ ದಿನ ಅವನು ತೊಂಬತ್ತೂ ರೂಪಾಯಿಯನ್ನು ಹಂಪವ್ವನ ಕೈಯಲ್ಲಿಟ್ಟ. ಚಹದಂಗಡಿಗೆ, ನಾಟಕಕ್ಕೆಂದು ತೆಗೆದಿಡುತ್ತಿದ್ದ ಹನ್ನೊಂದು ರೂಪಾಯಿಯೂ ಅದರಲ್ಲಿತ್ತು. ಸಂಜೆ ಊರವರಿಗೆ ಅರ್ಜಿ, ಪತ್ರ ಬರೆದುಕೊಟ್ಟು ನಾಲ್ಕು ಕಾಸು ತರತೊಡಗಿದ. ಹಾಗೆಂದು ಬಡತನ ಒಮ್ಮೆಲೇ ನೀಗಲಿಲ್ಲ. ಆ ತಿಂಗಳ ಕೊನೆಯ ವಾರ ಎಲ್ಲರ ಪಾಲಿಗೂ ಅರ್ಧರ್ಧ ರೊಟ್ಟಿ ಕಡಿಮೆಯೇ ಆಯಿತು. ಆದರೆ ಆರೂ ಮಂದಿ ಒಂದೇ ಸಾಲಿನಲ್ಲಿ ಕುಳಿತು, ಒಟ್ಟಿಗೇ ಉಂಡು ಎದ್ದರು.