ಬೆಳಕಿಂಡಿಯಿಂದ ಇಳಿದ ರೊಟ್ಟಿ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ನನ್ನ ತಾಯಿ ಯಾರ ನೆರವೂ ಇಲ್ಲದೆ ತುಂಬಿದ ಮನೆಯನ್ನು ಒಬ್ಬಳೇ ನಿಭಾಯಿಸಿದಳು. ನನ್ನ ಅತ್ತಿಗೆಯಾದರೋ ಬೆಳಗಾದರೆ ಸಾಕು, ಪಕ್ಕದ ಮನೆಯವಳನ್ನು ಕೂಗುತ್ತಾಳೆ. ಎಲ್ಲವನ್ನೂ ತಾನೇ ಮಾಡಿಕೊಂಡು ಹೋಗುವವಳಲ್ಲವೇ ಗುರುಗಳೇ, ಮನೆಗೆ ತಕ್ಕ ಹೆಣ್ಣು?"

ಗುರುಗಳು ಈ ಕತೆ ಹೇಳಿದರು.

ಜೋಳದ ಸೀಮೆಯ ಒಂದು ಪೇಟೆಯಲ್ಲಿ ಒಬ್ಬ ಕಾಳಿನ ವ್ಯಾಪಾರಿಯಿದ್ದ. ನಾಲ್ಕು ಕಾಳು ಬಾಯಿಗೆ ಹಾಕಿ ಜಗಿದರೆ ಜೋಳ ಯಾವ ಊರಿನದು, ಹೊಸದೋ ಹಳೆಯದೋ ಎಂದು ಹೇಳಿಬಿಡುತ್ತಿದ್ದ. ಬೆರಕೆ ಮಾಲು ಎಂದರೆ ಅವನಿಗೆ ಆಗುತ್ತಿರಲಿಲ್ಲ. ಒಂದು ಚೀಲದಲ್ಲಿ ಎರಡು ಬಗೆಯ ಕಾಳು ಕಂಡರೆ, ತಂದವನು ಸ್ವಂತ ಭಾವನಾಗಿದ್ದರೂ ಗಾಡಿ ತಿರುಗಿಸಿ ಕಳಿಸುತ್ತಿದ್ದ.

ಅವನು ಮಗನಿಗೆ ಭತ್ತದ ಸೀಮೆಯಿಂದ ಹೆಣ್ಣು ತಂದ. ಹುಡುಗಿ ಚುರುಕು, ನಗುಮುಖದವಳು. ಮನೆಯವರಿಗೆಲ್ಲ ಎರಡೇ ದಿನದಲ್ಲಿ ಹಿಡಿಸಿದಳು. ಆದರೆ ಹುಟ್ಟಿದಾಗಿನಿಂದ ಅನ್ನ ಉಂಡವಳು. ಜೋಳದ ರೊಟ್ಟಿ ಬಡಿದವಳಲ್ಲ.

ಆ ಪೇಟೆಯಲ್ಲಿ ಒಂದು ಪದ್ಧತಿಯಿತ್ತು. ಹೊಸ ಸೊಸೆ ಅಡುಗೆಮನೆಯ ಕದ ಮುಚ್ಚಿಕೊಂಡು, ಒಬ್ಬಳೇ ಒಲೆಯ ಮುಂದೆ ಕೂತು, ಬಂಧುಬಳಗಕ್ಕೆಲ್ಲ ರೊಟ್ಟಿ ಬಡಿಯಬೇಕು. ಇನ್ನೊಬ್ಬ ಹೆಂಗಸು ಹೊಸ್ತಿಲು ದಾಟುವಂತಿಲ್ಲ. ಬೆಂದ ರೊಟ್ಟಿಯನ್ನು ಕದದ ಸಂದಿಯಲ್ಲಿ ಅತ್ತೆಯ ಕೈಗೆ ಕೊಡಬೇಕು. ಗಂಡಸರು ಪಡಸಾಲೆಯಲ್ಲಿ ಕೂತು ಬಡಿತದ ಸದ್ದು ಕೇಳುತ್ತಾರೆ. ಊಟ ಮುಗಿಯುವ ಮುಂಚೆ ಸದ್ದು ನಿಂತರೆ, ರೊಟ್ಟಿ ಹರಿದು ಬಂದರೆ, ಕಲಿತು ಬಾ ಎಂದು ಹುಡುಗಿಯನ್ನು ತವರಿಗೆ ಕಳಿಸುತ್ತಾರೆ. ಹಾಗೆ ಹೋದವರಲ್ಲಿ ತಿರುಗಿ ಬಂದವರು ಕಡಿಮೆ.

ಆ ದಿನ ಪಡಸಾಲೆ ತುಂಬಿತ್ತು. ತನ್ನ ಮಗಳನ್ನು ಈ ಮನೆಗೆ ಕೊಡಬೇಕೆಂದಿದ್ದ ನೆಂಟನೊಬ್ಬ ಎಲ್ಲರಿಗಿಂತ ಮುಂಚೆ ಬಂದು ಕದದ ಎದುರಿಗೇ ಕೂತಿದ್ದ. ಕದದ ಪಕ್ಕದ ಕಂಬಕ್ಕೆ ವ್ಯಾಪಾರಿಯ ಅಕ್ಕ ಒರಗಿದ್ದಳು. ಪದ್ಧತಿಯ ವಿಷಯದಲ್ಲಿ ಪೇಟೆಗೆಲ್ಲ ಅವಳದೇ ಕೊನೆಯ ಮಾತು. ಅವಳನ್ನು ಕಂಡರೆ ವ್ಯಾಪಾರಿಗೂ ಒಳಗೊಳಗೇ ಅಂಜಿಕೆ.

ಒಳಗೆ ಬಡಿತ ಶುರುವಾಯಿತು. ಸ್ವಲ್ಪ ಹೊತ್ತಿಗೆ ತಡವರಿಸಿತು. ಆಮೇಲೆ ನಿಂತೇ ಹೋಯಿತು. ಭತ್ತದ ಸೀಮೆಗೆ ಹೋಗುವ ಗಾಡಿಯೂ ಅದರಲ್ಲಿ ತಲೆ ತಗ್ಗಿಸಿ ಕೂತ ಹುಡುಗಿಯೂ ವ್ಯಾಪಾರಿಯ ಕಣ್ಣಿಗೆ ಕಟ್ಟಿದಂತಾಯಿತು.

"ಸದ್ದೇ ಇಲ್ಲವಲ್ಲ," ಎಂದ ನೆಂಟ.

"ನೀನು ಬಾಯಿ ಮುಚ್ಚಿದರೆ ಕೇಳ್ತದೆ," ಎಂದಳು ಅಕ್ಕ. ಹಾಗೆಂದವಳಿಗೆ ಎಲ್ಲಿತ್ತೋ ಕೆಮ್ಮು, ಒತ್ತರಿಸಿಕೊಂಡು ಬಂತು. ಕೆಮ್ಮಿದಳು, ನೀರು ಕೇಳಿದಳು, ಕೊಟ್ಟ ತಂಬಿಗೆಯನ್ನು ಉರುಳಿಸಿದಳು, ಉರುಳಿದ ತಂಬಿಗೆಗೆ ಬೈದಳು. ಈ ಗದ್ದಲ ಅಡಗುವಷ್ಟರಲ್ಲಿ ಒಳಗೆ ಬಡಿತ ಮತ್ತೆ ಕೇಳುತ್ತಿತ್ತು. ಈಗ ಅದು ತಡವರಿಸಲಿಲ್ಲ.

ರೊಟ್ಟಿ ಬಂದವು. ಒಂದೇ ಗಾತ್ರ, ಒಂದೇ ತೆಳುವು. ನೆಂಟ ಒಂದನ್ನು ಬೆಳಕಿಗೆ ಹಿಡಿದು ನೋಡಿದ. ತೂತು ಸಿಗಲಿಲ್ಲ. ಸುಮ್ಮನೆ ಮುರಿದು ತಿನ್ನತೊಡಗಿದ.

ವ್ಯಾಪಾರಿಯೂ ಒಂದು ತುತ್ತು ಬಾಯಿಗಿಟ್ಟ. ಅವನ ಜಗಿತ ನಿಧಾನವಾಯಿತು. ಇದು ತನ್ನ ಮನೆಯ ಜೋಳವಲ್ಲ. ನೆಲದೊಳಗಿನ ಹಗೇವಿನಲ್ಲಿದ್ದು ವಾಸನೆ ಹಿಡಿದ ಜೋಳ. ತಾನೇ ಗಾಣಿಗರ ಮನೆಗೆ ಕೊಟ್ಟದ್ದು. ಎರಡನೆಯ ರೊಟ್ಟಿ ಮುರಿದ. ಸಿಹಿಯಾದ ಬಿಳಿಜೋಳ. ಅದನ್ನು ಒಯ್ಯುವವರು ಓಣಿಯಲ್ಲಿ ಬಳೆಗಾರರೊಬ್ಬರೇ. ಮೂರನೆಯದು ನೇಕಾರರ ಮನೆಯದು.

ಓಣಿಯ ಹೆಂಗಸರು ಗಾತ್ರ ಸರಿಹೊಂದಿಸಿದ್ದರು, ತೆಳುವು ಸರಿಹೊಂದಿಸಿದ್ದರು. ಹಿಟ್ಟು ಮಾತ್ರ ಅವರವರ ಮನೆಯದೇ ಆಗಿತ್ತು. ಉಣ್ಣಲು ಕೂರುವವನು ಕಾಳಿನ ವ್ಯಾಪಾರಿ ಎಂಬುದನ್ನು ಮರೆತುಬಿಟ್ಟಿದ್ದರು.

ಜೀವಮಾನವೆಲ್ಲ ಬೆರಕೆ ಮಾಲು ತಿರುಗಿಸಿದವನ ಬಾಯಿ ತಾನಾಗಿ ತೆರೆಯಿತು.

"ಯಾಕೋ ತಮ್ಮಾ, ರೊಟ್ಟಿಯಲ್ಲಿ ಏನಾದರೂ ಇದೆಯೇನು?" ಅಕ್ಕ ಕೇಳಿದಳು. ಅವಳ ಕೆಮ್ಮು ಪೂರ್ತಿ ವಾಸಿಯಾಗಿತ್ತು.

ವ್ಯಾಪಾರಿ ಅಕ್ಕನ ಮುಖ ನೋಡಿದ. ಬಡಿಸುತ್ತ ನಿಂತ ಹೆಂಡತಿಯ ಕೈ ನೋಡಿದ. ಆ ಕೈ ರೊಟ್ಟಿ ಹಿಡಿದು ತಾಟಿನ ಮೇಲೆಯೇ ನಿಂತಿತ್ತು.

"ಏನಿಲ್ಲ. ಇನ್ನೊಂದು ಹಾಕು," ಎಂದ.

ಎಲ್ಲರ ಊಟ ಮುಗಿಯುತ್ತ ಬಂದಾಗ ಕೊನೆಯ ರೊಟ್ಟಿ ಬಂತು. ದಪ್ಪನೆಯದು, ಅಂಚು ಹರಿದದ್ದು, ದುಂಡಗಿದೆ ಎಂದು ಬಾಯಿಮಾತಿಗೂ ಹೇಳುವಂತಿರಲಿಲ್ಲ. ಹೆಂಡತಿ ಅದನ್ನು ಸೆರಗಿನ ಮರೆಯಲ್ಲಿ ತಂದು ಗಂಡನ ತಾಟಿಗೆ ಹಾಕಿ, ಮೇಲೆ ಪಲ್ಯ ಬಡಿಸಿ ಮುಚ್ಚಿದಳು. ಅವನು ಮುರಿದು ತಿಂದ. ಅದು ಅವನ ಮನೆಯ ಜೋಳ. ಚೂರೂ ಬಿಡದೆ ತಿಂದ.

"ಸೊಸೆ ಮನೆಗೆ ಸಂದಳು," ಎಂದು ಅಕ್ಕ ಸೀರೆ ಕೊಡವಿಕೊಂಡು ಎದ್ದಳು. ನೆಂಟ ಆರು ರೊಟ್ಟಿ ಉಂಡಿದ್ದ. ಅವನಿಗೆ ಮಾತಾಡಲು ಜಾಗವಿರಲಿಲ್ಲ.

ಬಂದವರೆಲ್ಲ ಹೋದ ಮೇಲೆ ವ್ಯಾಪಾರಿ ಅಡುಗೆಮನೆಗೆ ಹೋದ. ಮಾಳಿಗೆಯ ಬೆಳಕಿಂಡಿಯಿಂದ ಹಗ್ಗ ಕಟ್ಟಿದ ಬುಟ್ಟಿಯೊಂದು ಇನ್ನೂ ತೂಗಾಡುತ್ತಿತ್ತು. ಆ ಓಣಿಯ ಮಾಳಿಗೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿದ್ದವು. ನೆಲಕ್ಕೆ ಇಳಿಯದೆಯೇ ಮನೆಯಿಂದ ಮನೆಗೆ ಹೋಗಬಹುದಿತ್ತು. ಮೇಲಿನಿಂದ ಹೆಂಗಸರ ನಗು ಕೇಳುತ್ತಿತ್ತು. ಕೆಳಗೆ ಸೊಸೆ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಕೂತಿದ್ದಳು. ಬುಟ್ಟಿ ಇಳಿದಾಗಿನಿಂದ ಒಂದೇ ಉಂಡೆಯನ್ನು ಬಡಿದು, ಮುದ್ದೆ ಮಾಡಿ, ಮತ್ತೆ ಬಡಿದು ಸದ್ದು ಕೇಳಿಸಿದ್ದಳು. ಕೊನೆಗೆ ಆ ಉಂಡೆಯೂ ಒಂದು ರೊಟ್ಟಿಯಾಗಿತ್ತು. ಮಾವನನ್ನು ಕಂಡು ಗಾಬರಿಯಿಂದ ಎದ್ದಳು. ಆದರೂ ನಗು ತಡೆಯಲಾಗಲಿಲ್ಲ.

ವ್ಯಾಪಾರಿ ಹೆಂಡತಿಯ ಕಡೆ ತಿರುಗಿದ. "ನೀನು ಬಂದಾಗಲೂ ಹೀಗೆಯೇ?"

"ನನಗೆ ಆ ದಿನ ಜ್ವರ. ನಿಮ್ಮ ಅಕ್ಕನೇ ಮಾಳಿಗೆ ಹತ್ತಿದ್ದರು."

"ನಿನ್ನ ಮೊದಲ ರೊಟ್ಟಿಯನ್ನು ಇಷ್ಟು ವರ್ಷ ಊರೆಲ್ಲ ಹೊಗಳಿಕೊಂಡು ಬಂದೆನಲ್ಲ."

"ಹೊಗಳಿ. ಅವರೇನು ಬೇಡ ಅನ್ನೋದಿಲ್ಲ."

"ಹಾಗಾದರೆ ಈ ಪದ್ಧತಿ ಯಾರಿಗಾಗಿ?"

"ಪಡಸಾಲೆಯಲ್ಲಿ ಕೂತವರಿಗೆ," ಎಂದಳು ಹೆಂಡತಿ, ಬುಟ್ಟಿ ಬಿಚ್ಚುತ್ತ.

ಮರುವರ್ಷ ಬಳೆಗಾರರ ಮನೆಗೆ ಹೊಸ ಸೊಸೆ ಬಂದಳು. ಅಷ್ಟರಲ್ಲಿ ಭತ್ತದ ಸೀಮೆಯ ಹುಡುಗಿ ಓಣಿಯಲ್ಲೇ ಎಲ್ಲರಿಗಿಂತ ತೆಳುವಾದ ರೊಟ್ಟಿ ಬಡಿಯುತ್ತಿದ್ದಳು. ಬಳೆಗಾರರ ಸೊಸೆ ರೊಟ್ಟಿ ಬಡಿಯಬೇಕಾದ ಊಟದ ಹಿಂದಿನ ದಿನ ಅವಳು ಬೀಸಲು ಕಾಳು ತೆಗೆಯುತ್ತಿದ್ದಳು. ಮಾವ ಒಂದು ಚೀಲ ಹೊತ್ತು ತಂದು ಅವಳ ಮುಂದೆ ಇಳಿಸಿದ.

"ಅದು ಬೇಡವ್ವಾ. ಬಳೆಗಾರರು ಉಣ್ಣೋದು ಈ ಬಿಳಿಜೋಳ. ಮಾಳಿಗೆ ಹತ್ತುವವರಿಗೆಲ್ಲ ಇದನ್ನೇ ಕೊಡು. ಮಾಲು ಬೆರಕೆ ಆಗಬಾರದು."

ಕತೆ ಇಲ್ಲಿಗೆ ನಿಂತಿತು. ಶಿಷ್ಯ ಇನ್ನೂ ನಗುತ್ತಿದ್ದ. ಅವನ ನಗು ಮುಗಿಯುವವರೆಗೆ ಕಾದು ಗುರುಗಳು ಕೇಳಿದರು:

"ಮಗು, ನಿನ್ನ ತಾಯಿಯ ಅಡುಗೆಮನೆಗೂ ಒಂದು ಬೆಳಕಿಂಡಿ ಇತ್ತಲ್ಲವೇ?"