ಮಡಕೆ ತಟ್ಟಿ ನೋಡಿದವಳು

"ಬುದ್ಧಿ, ಪ್ರಶ್ನೆ ಕೇಳುವವನ ಎದೆಯೇ ನಡುಗಿದರೆ ಏನು ಮಾಡಬೇಕು?" ಎಂದು ಪರಶಿವ ಕೇಳಿದ.

ಮಠದ ಶಾಲೆಗೆ ಹೊಸ ಮೇಷ್ಟರೊಬ್ಬರು ಬೇಕಾಗಿದ್ದರು. ಬಂದವರ ಸಂದರ್ಶನ ನಡೆಸುವ ಕೆಲಸವನ್ನು ಗುರುಗಳು ಈ ಸಲ ಶಿಷ್ಯನಾದ ಪರಶಿವನಿಗೆ ಒಪ್ಪಿಸಿದ್ದರು. ಅವನಿಗೆ ಇದೇ ಮೊದಲು. ನಾಳೆ ಮಾತು ತೊದಲಿದರೆ ಬಂದವರು ನಕ್ಕಾರು. ಅದಾದರೂ ಹೋಗಲಿ, ಗಾಬರಿಯಲ್ಲಿ ಯೋಗ್ಯನೊಬ್ಬನನ್ನು ವಾಪಸು ಕಳಿಸಿಬಿಟ್ಟರೆ ಮಕ್ಕಳ ಗತಿ? ಮಧ್ಯಾಹ್ನದಿಂದ ಅವನಿಗೆ ಅನ್ನ ಸೇರಿರಲಿಲ್ಲ.

"ಹೆಣ್ಣು ನೋಡಲು ಹೋದ ಗಂಡೇ ನಾಚಿ ಕಂಬದ ಮರೆಗೆ ನಿಂತ ಹಾಗಾಯಿತಲ್ಲಪ್ಪ!" ಎಂದು ಗುರುಗಳು ನಕ್ಕರು. ನಕ್ಕು, ಒಂದು ಕತೆ ಹೇಳಿದರು.

ಒಬ್ಬ ಮಡಕೆ ವ್ಯಾಪಾರಿ ಇದ್ದ. ಕುಂಬಾರ ಮಡಕೆ ಸುಟ್ಟು ಆವಿಗೆ ತೆರೆದ ದಿನ ತಾನೇ ಹೋಗಿ ಮಡಕೆ ಆರಿಸಿ ತರುತ್ತಿದ್ದ. ಒಂದು ವರ್ಷ ಮಗಳನ್ನು ಕರೆದೊಯ್ದು, "ಈ ಸಲ ನೀನೇ ಆರಿಸು ತಾಯಿ" ಎಂದು ಹೇಳಿ ದೂರ ಹೋಗಿ ಕೂತ.

ಮಡಕೆಯ ಪರೀಕ್ಷೆ ಸುಲಭ. ಬೆರಳಿನ ಗೆಣ್ಣಿನಿಂದ ತಟ್ಟಬೇಕು. ಠಣ್ ಎಂದರೆ ಗಟ್ಟಿ, ದಪ್ ಎಂದರೆ ಬಿರುಕು. ಆದರೆ ಮಗಳಿಗೆ ಭಯ. ಕೈ ಜಾರಿದರೆ? ಒಡಕು ಮಡಕೆ ಒಯ್ದು ಅಪ್ಪನ ಹೆಸರು ಕೆಡಿಸಿದರೆ? ಅವಳು ಒಂದೊಂದು ಮಡಕೆಯನ್ನೂ ಎದೆಗೆ ಅವುಚಿ ಹಿಡಿದು ತಟ್ಟಿದಳು. ಎಲ್ಲವೂ ದಪ್ ಎಂದವು. ಎಲ್ಲವನ್ನೂ ಬೇಡವೆಂದು ಪಕ್ಕಕ್ಕಿಟ್ಟಳು.

"ಇಡೀ ಆವಿಗೆಯೇ ಕೆಟ್ಟಿತೇನವ್ವಾ?" ಎಂದ ಕುಂಬಾರ.

ಅವಳು ಆಗ ತಲೆಯೆತ್ತಿ ಅವನನ್ನು ನೋಡಿದಳು. ಅವನ ಕೈ ತನ್ನ ಕೈಗಿಂತ ಹೆಚ್ಚು ನಡುಗುತ್ತಿತ್ತು. ಮಣ್ಣು ತುಳಿದವನು ಅವನು, ತಿಗರಿ ತಿರುಗಿಸಿದವನು ಅವನು. ಅಯ್ಯೋ, ಬೆಳಗಿನಿಂದ ನಾನು ನನ್ನೊಬ್ಬಳನ್ನೇ ನೋಡಿಕೊಂಡೆನಲ್ಲ ಎಂದು ಅವಳಿಗೆ ಅನಿಸಿತು. ಅಷ್ಟು ಅನಿಸಿದ್ದೇ ತಡ, ಹಿಡಿತ ಸಡಿಲಿತು. ಮಡಕೆಯನ್ನು ಅಂಗೈ ಮೇಲಿಟ್ಟು ತಟ್ಟಿದಳು.

ಠಣ್ ಎಂದಿತು.

ಅವಳು ಬೇಡವೆಂದವನ್ನೆಲ್ಲ ಮತ್ತೆ ತರಿಸಿ ತಟ್ಟಿದಳು. ನಿಜವಾಗಿ ಬಿರುಕು ಬಿಟ್ಟವನ್ನು ಮಾತ್ರ ಬಿಟ್ಟಳು. ಕುಂಬಾರ ಅದಕ್ಕೆ ಬೇಸರಪಡಲಿಲ್ಲ. ಗಾಡಿ ಹೊರಟಾಗ ವ್ಯಾಪಾರಿಯ ಕಡೆ ತಿರುಗಿ, "ಸಾವ್ಕಾರ್ರೆ, ನಿಮ್ಮ ಮಗಳಿಗೆ ಕಿವಿ ಇದೆ" ಎಂದ. ಆವತ್ತು ವ್ಯಾಪಾರಿ ಗಾಡಿ ಹತ್ತಲಿಲ್ಲ. ಊರವರೆಲ್ಲ ನೋಡಲಿ ಎಂದು ಮಗಳನ್ನು ಮುಂದೆ ಕೂರಿಸಿ, ತಾನು ಪಕ್ಕದಲ್ಲಿ ಎದೆಯುಬ್ಬಿಸಿ ನಡೆದ.

ಕತೆ ಮುಗಿಯಿತು. ಪರಶಿವನಿಗೆ ಇನ್ನೂ ಒಂದು ಅನುಮಾನ ಉಳಿದಿತ್ತು.

"ಅವಳ ಕೈನಡುಕ ನಿಂತಿತೇ ಬುದ್ಧಿ?"

ಗುರುಗಳು ಅವನನ್ನು ಹೆಮ್ಮೆಯಿಂದ ನೋಡಿದರು.

"ಮಠಕ್ಕೆ ಶಿಷ್ಯರಾಗಲು ಬಂದವರಲ್ಲಿ ನಾನು ಮೊಟ್ಟಮೊದಲು ಸಂದರ್ಶನ ಮಾಡಿದ್ದು ನಿನ್ನನ್ನೇ ಮಗು, ಆವತ್ತು ನನ್ನ ಕೈ ನಡುಗುತ್ತಲೇ ಇತ್ತು, ಆದರೂ ನೀನು ಠಣ್ ಎಂದದ್ದು ನನಗೆ ಕೇಳಿಸಿತು."