ಕೆಂಚವ್ವನ ಅಂಗಳದ ಧೂಳು

ಆಕಾಶದ ಒಂದು ಮೂಲೆಯಲ್ಲಿ ಕೆಂಚವ್ವ ಅಂತ ಕಿತ್ತಳೆ ಬಣ್ಣದ ನಕ್ಷತ್ರವೊಂದಿತ್ತು. ಹಾಲು ಕಾಯಿಸೋ ಒಲೆಯ ಹಾಗೆ ಸಣ್ಣ ಉರಿ ಅವಳದು. ಗ್ರಹಗಳನ್ನು ಉಂಡೆ ಕಟ್ಟಿ ಮುಗಿಸಿದ ಮೇಲೆ ಮಿಕ್ಕ ಕಲ್ಲುಚೂರು, ಧೂಳು ಎಲ್ಲ ಅವಳನ್ನೇ ಸುತ್ತುತ್ತಾ ಇದ್ದವು.

ಪಕ್ಕದ ಬಿಳಿ ನಕ್ಷತ್ರ ಬೆಳ್ಳಕ್ಕನಿಗೆ ಅದನ್ನು ಕಂಡರೆ ಆಗದು. ಅವಳದು ಭಾರಿ ಉರಿ, ಭಾರಿ ಬೆಳಕು.

"ಏನೇ ಕೆಂಚಿ, ಎಷ್ಟು ದಿನ ಈ ಕಸ ಇಟ್ಕೊಂಡಿರ್ತೀಯ? ನನ್ನ ಅಂಗಳ ನೋಡು, ಒಂದೇ ಉಸಿರಿಗೆ ಊದಿ ಚೊಕ್ಕ ಮಾಡ್ದೆ. ನೀನೂ ಊದೇ!"

ಕೆಂಚವ್ವನಿಗೆ ನಾಚಿಕೆಯಾಯಿತು. ಊದಿಬಿಡೋಣ ಅಂತ ಉಸಿರೆಳೆದುಕೊಂಡಳು. ಆಗ ಸಾಸಿವೆಯಷ್ಟು ಧೂಳಿನ ಕಾಳೊಂದು ಕೇಳಿತು: "ಅವ್ವಾ, ಗ್ರಹ ಆಗೋದು ನಮ್ಮ ಕೈಲಿ ಆಗ್ಲಿಲ್ಲ, ನಿಜ. ಆದ್ರೆ ಆಚೆ ಬರೀ ಕತ್ತಲು, ಚಳಿ. ನೀನು ಊದಿದ್ರೆ ನಾವೆಲ್ಲಿಗೆ ಹೋಗೋಣ?"

ಕೆಂಚವ್ವ ಎಳೆದ ಉಸಿರನ್ನು ಹಾಗೇ ನುಂಗಿಕೊಂಡಳು. "ಎಲ್ಲಿಗೂ ಬೇಡ, ಇಲ್ಲೇ ಇರ್ರೋ" ಅಂದಳು. ಬೆಳ್ಳಕ್ಕ ಬಿದ್ದು ಬಿದ್ದು ನಕ್ಕಳು.

ಕಾಲ ಉರುಳಿತು. ಭಾರಿ ಉರಿ ಉರಿದ ಬೆಳ್ಳಕ್ಕನ ಒಡಲಲ್ಲಿ ಸೌದೆ ಬೇಗನೆ ತೀರಿತು. ಒಂದು ದಿನ ಢಮಾರನೆ ಒಡೆದು ಬೂದಿಯಾದಳು. ಆ ಬೂದಿ ಅಲೆದೂ ಅಲೆದೂ, ಗಡಗಡ ನಡುಗುತ್ತಾ ಕೆಂಚವ್ವನ ಅಂಗಳದ ಅಂಚಿಗೆ ಬಂದು ನಿಂತಿತು. ಒಳಗೆ ಬರಲಾ ಅಂತ ಕೇಳಲು ಅದಕ್ಕೆ ಮುಖವಿಲ್ಲ.

"ಅವ್ವಾ, ಕಸ ಬಂದಿದೆ!" ಅಂತ ಧೂಳಿನ ಕಾಳು ಕಿಸಕ್ಕನೆ ನಕ್ಕಿತು.

"ಬಾಯಿ ಮುಚ್ಚೋ" ಅಂತ ಗದರಿದಳು ಕೆಂಚವ್ವ. "ಪಂಕ್ತಿಯಲ್ಲಿ ಸ್ವಲ್ಪ ಸರಿದು ಕೂತ್ಕೋ. ಅಕ್ಕ ಚಳಿಯಲ್ಲಿ ಬಂದಿದಾಳೆ."